ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಶುರು ಮಾಡುತ್ತಿದ್ದೇವೆ: ಪೈಥಾನ್, ಜಾವಾ, ರಸ್ಟ್, ಯಾವ ಪ್ರೋಗ್ರಾಮಿಂಗ್ ಭಾಷೆ ಹಿಡಿಯುವುದು?

ಮಲೆನಾಡ_ಕೋಡು · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದ ಮೂರು ಜನ ಗೆಳೆಯರು. ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಲು ಹೊರಟಿದ್ದೇವೆ. ರೈತರು ಚೀಲ ಇಳಿಸಿದ ಗಳಿಗೆಯಿಂದ ಅವರ ಕೈಗೆ ಪಟ್ಟಿ (ಲೆಕ್ಕದ ಚೀಟಿ) ಬರುವವರೆಗಿನ ಎಲ್ಲಾ ಲೆಕ್ಕ. ತೂಕ, ಚೀಲದ ತೂಕ ಕಳೆಯುವುದು, ಧಾರಣೆ, ಹಮಾಲಿ, ಮುಂಗಡದ ಕಡಿತ, ಬಾಕಿ. ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಬಗೆ ಎಲ್ಲದಕ್ಕೂ ಬೇರೆ ಬೇರೆ ಸಾಲು. ನಮ್ಮಪ್ಪ ಇಂಥ ಪಟ್ಟಿಗಳನ್ನು ಮೂವತ್ತು ವರ್ಷದಿಂದ ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿ ಇಟ್ಟಿದ್ದಾರೆ. ಅದನ್ನು ನೋಡುತ್ತಲೇ ಬೆಳೆದವನು ನಾನು.

ಮೂವರ ಉಳಿತಾಯ ಸೇರಿ 9 ಲಕ್ಷ ಇದೆ. ತಿಂಗಳಿಗೆ 1 ಲಕ್ಷ ಖರ್ಚು ಅಂತ ಹಿಡಿದರೆ 9 ತಿಂಗಳು.

ನನಗೆ ಪೈಥಾನ್ ಮತ್ತು ಜ್ಯಾಂಗೋದಲ್ಲಿ (ಪೈಥಾನಿನಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟು) ನಾಲ್ಕು ವರ್ಷದ ಕೆಲಸ. ಒಬ್ಬ ಗೆಳೆಯ ಬೆಂಗಳೂರಿನಲ್ಲಿ ಆರು ವರ್ಷ ಜಾವಾ ಬರೆದವನು. ಇನ್ನೊಬ್ಬನಿಗೆ ರಸ್ಟ್ ಬೇಕು, ಒಂದು ವರ್ಷದಿಂದ ಕಲಿಯುತ್ತಿದ್ದಾನೆ. ಎರಡು ವಾರದಿಂದ ಇದೇ ಮಾತು. ಇನ್ನೂ ಒಂದು ಸಾಲು ಕೋಡ್ ಆಗಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ_ಸರ್ವರ್ · ಭಾನುವಾರ ರಾತ್ರಿ 10:35

ತಮ್ಮಾ, 9 ತಿಂಗಳ ದುಡ್ಡು ಇರುವವರು ಹೊಸ ಭಾಷೆ ಕಲಿಯುವುದಕ್ಕೆ 3 ತಿಂಗಳು ಕೊಟ್ಟರೆ ಮೂರನೇ ಒಂದು ಪಾಲು ಅಲ್ಲೇ ಹೋಯಿತು. ನಿಮ್ಮಲ್ಲಿ ಯಾರ ಕೈ ಯಾವ ಭಾಷೆಯಲ್ಲಿ ಪಳಗಿದೆಯೋ ಅದನ್ನೇ ಹಿಡಿಯಿರಿ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇದನ್ನು ಖಂಡಿತವಾಗಿ ಹೇಳಬಲ್ಲೆ.

ಇನ್‌ಸ್ಟಾಗ್ರಾಂ ನೋಡಿ. 2010ರಲ್ಲಿ ಶುರು, ಪೈಥಾನ್ ಮತ್ತು ಜ್ಯಾಂಗೋ. 2012ರಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರಿಗೆ ಕೊಂಡಾಗ ಅಲ್ಲಿ ಇದ್ದದ್ದು 13 ಜನ. ಆ 13 ಜನರ ತಲೆ ಖರ್ಚಾದದ್ದು ಫೋಟೋ ಬೇಗ ಅಪ್‌ಲೋಡ್ ಆಗುವುದು ಹೇಗೆ ಅನ್ನುವುದಕ್ಕೆ. ಪೈಥಾನ್ ನಿಧಾನ ಅನ್ನುವ ಮಾತು ಆಗಲೂ ಇತ್ತು. ಫೇಸ್‌ಬುಕ್ಕೇ 2004ರಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಶುರುವಾದದ್ದು. ಅದು ಭಾರ ಆದಮೇಲೆ 2010ರಲ್ಲಿ ಪಿಎಚ್‌ಪಿಯನ್ನು ಸಿ ಪ್ಲಸ್ ಪ್ಲಸ್‌ಗೆ ತಿರುಗಿಸುವ ಹಿಪ್‌ಹಾಪ್ ತಂದರು, 2014ರಲ್ಲಿ ಹ್ಯಾಕ್ ಅನ್ನುವ ಭಾಷೆಯನ್ನೇ ಮಾಡಿಕೊಂಡರು. ಅಷ್ಟು ಮಾಡುವ ಶಕ್ತಿ ಬಂದದ್ದು ಬಳಸುವ ಜನ ಬಂದ ಮೇಲೆ.

ಕಾಫಿನಾಡು_ಜಾವಾ · ಭಾನುವಾರ ರಾತ್ರಿ 11:10

ಅಣ್ಣ ಹೇಳಿದ್ದು ಅರ್ಧ ಸರಿ. ಟ್ವಿಟರ್ ಕಥೆಯನ್ನೂ ಹೇಳಬೇಕಲ್ವಾ? 2006ರಲ್ಲಿ ರೂಬಿ ಆನ್ ರೈಲ್ಸ್‌ನಲ್ಲಿ (ರೂಬಿ ಭಾಷೆಯ ವೆಬ್ ಚೌಕಟ್ಟು) ಶುರು ಮಾಡಿದರು. ಜನ ಹೆಚ್ಚಾದ ಹಾಗೆ ಸೈಟ್ ಬೀಳುತ್ತಲೇ ಇತ್ತು. ಸೈಟ್ ಬಿದ್ದಾಗ ತೋರಿಸುತ್ತಿದ್ದ, ಹಕ್ಕಿಗಳು ತಿಮಿಂಗಿಲ ಎತ್ತಿಕೊಂಡು ಹೋಗುವ ಆ ಚಿತ್ರ ಬಹಳ ಜನಕ್ಕೆ ನೆನಪಿರುತ್ತದೆ. ಕೊನೆಗೆ ಸ್ಕಾಲಾ, ಜಾವಾ ಕಡೆಗೆ ಬಂದರು.

ಲೆಕ್ಕದ ಸಾಫ್ಟ್‌ವೇರ್ ಅಂದ ಮೇಲೆ ಟೈಪ್ ಚೆಕ್ ಬೇಕೇ ಬೇಕು. ತೂಕ ಇರಬೇಕಾದ ಕಡೆ ದುಡ್ಡು ಬಂದು ಕೂತರೆ ಓಡಿಸುವ ಮೊದಲೇ ಗೊತ್ತಾಗಬೇಕು. ನಿಮ್ಮಲ್ಲೇ ಆರು ವರ್ಷದ ಜಾವಾ ಕೈ ಇದೆ. ಅದನ್ನು ಬಿಟ್ಟು ಬೇರೆ ಯಾಕೆ?

ಹಳೇ_ಸರ್ವರ್ · ಭಾನುವಾರ ರಾತ್ರಿ 11:25

ಟ್ವಿಟರ್ ಬಿದ್ದದ್ದು ಲಕ್ಷಾಂತರ ಜನ ಒಟ್ಟಿಗೆ ಬಂದದ್ದಕ್ಕೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲಾ ಸೇರಿಸಿದರೂ ಮಂಡಿ ಎಷ್ಟು ಇರಬಹುದು ಹೇಳಿ.

ಇನ್ನೊಂದು ಮಾತು. ಫ್ರೆಂಡ್‌ಸ್ಟರ್ ಅಂತ ಒಂದು ಸೈಟ್ ಇತ್ತು, ಫೇಸ್‌ಬುಕ್ಕಿಗಿಂತ ಮೊದಲಿನದು. ಅದು ಇದ್ದದ್ದು ಜಾವಾದಲ್ಲಿ. ತುಂಬಾ ನಿಧಾನ ಅಂತ 2004ರಲ್ಲಿ ಪಿಎಚ್‌ಪಿಗೆ ಬದಲಾಯಿಸಿದರು. ಜಾವಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಹೆಸರಿನಲ್ಲೇ ವೇಗ ಇದೆ ಅಂತ ನಂಬಬೇಡಿ, ಅಷ್ಟೇ. ಟೈಪ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಪೈಥಾನ್ ಆದರೂ ಮೊದಲ ದಿನದಿಂದಲೇ ಟೈಪ್ ಹಿಂಟ್ ಬರೆದು, ಅದನ್ನು ಪರೀಕ್ಷಿಸುವ ಮೈಪೈ ಓಡಿಸಬೇಕು.

ಮೂರನೆಯವನು · ಸೋಮವಾರ ಬೆಳಗ್ಗೆ 7:15

ಆ ರಸ್ಟ್ ಕೇಳಿದವನು ನಾನೇ. ನನ್ನ ಮಾತನ್ನೂ ಹೇಳುತ್ತೇನೆ. ಹೊಸದು ಅನ್ನುವ ಹುಚ್ಚಿಗೆ ನಾನು ಕೇಳುತ್ತಿಲ್ಲ. ಹಿಂದಿನ ಕಂಪನಿಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತಿತ್ತು. ಖಾಲಿ ಫೀಲ್ಡ್‌ನಿಂದ ಸರ್ವರ್ ಬಿದ್ದಿದೆ, ಎದ್ದು ನೋಡಿ ಅಂತ. ತಿಂಗಳುಗಟ್ಟಲೆ ಹಾಗೇ ಆಯಿತು. ರಸ್ಟ್‌ನಲ್ಲಿ ಆ ಜಾತಿಯ ತಪ್ಪು ಕಂಪೈಲ್ ಆಗುವಾಗಲೇ, ಅಂದರೆ ಓಡಿಸುವ ಮೊದಲೇ ಸಿಕ್ಕಿಬೀಳುತ್ತದೆ. ಡಿಸ್ಕಾರ್ಡ್ ಅನ್ನುವ ಚಾಟ್ ಆಪ್‌ನವರು 2020ರಲ್ಲಿ ಗೋ ಭಾಷೆಯಿಂದ ರಸ್ಟ್‌ಗೆ ಬಂದದ್ದನ್ನು ಬರೆದಿದ್ದಾರೆ. ಎರಡು ನಿಮಿಷಕ್ಕೊಮ್ಮೆ ಬಳಸಿ ಬಿಟ್ಟ ಮೆಮೊರಿಯನ್ನು ಗೋ ಗುಡಿಸುವ ಕೆಲಸಕ್ಕೆ ಆಗುತ್ತಿದ್ದ ತಡೆ ಪೂರ್ತಿ ನಿಂತಿತಂತೆ. ನಾವು ಮಾಡುವುದು ರೈತರ ದುಡ್ಡಿನ ಲೆಕ್ಕ. ಗಟ್ಟಿಯಾಗಿ ಇರಲಿ ಅನ್ನುವುದು ನನ್ನ ಆಸೆ.

ಮೈಸೂರು_ಎರಡನೇಸಲ · ಸೋಮವಾರ ಬೆಳಗ್ಗೆ 9:05

ಮೂರನೆಯವರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಅದಕ್ಕೇ ನನ್ನ ಕಥೆ ಹೇಳುತ್ತೇನೆ.

2019ರಲ್ಲಿ ನಾವಿಬ್ಬರು ಶಾಲೆಗಳ ಫೀಸ್ ಮತ್ತು ಬಸ್ಸಿನ ಸಾಫ್ಟ್‌ವೇರ್ ಶುರು ಮಾಡಿದೆವು. ಮುಂದೆ ಸಾವಿರ ಶಾಲೆ ಬಂದರೆ ಏನು ಮಾಡುವುದು ಅಂತ ಯೋಚಿಸಿ ಮೊದಲೇ ಆರು ಸರ್ವಿಸ್, ಅಂದರೆ ಬೇರೆ ಬೇರೆಯಾಗಿ ಓಡುವ ಆರು ತುಂಡು ಮಾಡಿದೆವು. ಮೂರು ಗೋದಲ್ಲಿ, ಮೂರು ನೋಡ್‌ನಲ್ಲಿ (ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್). ಇದ್ದ ಶಾಲೆ 11. ಒಂದು ಮಗುವಿನ ತರಗತಿ ಬದಲಾದರೆ ನಾಲ್ಕು ಕಡೆ ತಿದ್ದಬೇಕು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಗೋ ಬರೆಯುತ್ತಿದ್ದವರ ಮನೆಯಲ್ಲಿ ಕಷ್ಟ ಬಂದು ಅವರು ಬಿಟ್ಟು ಹೋದರು. ಅವರ ಮೇಲೆ ನನಗೆ ಬೇಜಾರಿಲ್ಲ. ಆದರೆ ಅರ್ಧ ಸಾಫ್ಟ್‌ವೇರ್ ನನಗೆ ಓದಲು ಬರದ ಭಾಷೆಯಲ್ಲಿತ್ತು. ಒಬ್ಬ ಹೆಡ್‌ಮಾಸ್ಟರ್ ಫೋನ್ ಮಾಡಿ, ಅಮ್ಮಾ ರಸೀದಿಯಲ್ಲಿ ಮಗುವಿನ ಹೆಸರು ತಪ್ಪಾಗಿದೆ ಅಂದರು. ಆ ಒಂದು ತಪ್ಪು ಹುಡುಕುವುದಕ್ಕೆ ನನಗೆ ಐದು ದಿನ ಬೇಕಾಯಿತು. ನಾಲ್ಕು ತಿಂಗಳಲ್ಲಿ ಮುಚ್ಚಿದೆವು.

ಈಗ ಎರಡನೇ ಸಲ ಶುರು ಮಾಡಿದ್ದೇನೆ. ಒಂದೇ ರೈಲ್ಸ್ ಆಪ್, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್. ಡಿಸ್ಕಾರ್ಡ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ: ಅವರು 2015ರಲ್ಲಿ ಶುರುವಾದವರು. ರಸ್ಟ್‌ಗೆ ಬದಲಾಯಿಸಿದ ಆ ಕಥೆ ಒಂದೇ ಒಂದು ಸರ್ವಿಸ್‌ದು, ಅದೂ ಐದು ವರ್ಷ ಆದಮೇಲೆ. ಎಲ್ಲಿ ಚುಚ್ಚುತ್ತಿದೆ ಅಂತ ಅಳೆದು ಗೊತ್ತಾದ ಮೇಲೆ ಆ ಜಾಗವನ್ನಷ್ಟೇ ಬದಲಾಯಿಸಿದರು. ಮೂವರಲ್ಲಿ ಕನಿಷ್ಠ ಇಬ್ಬರು ಓದಬಲ್ಲ ಭಾಷೆ ಯಾವುದು? ಅದನ್ನು ಮೊದಲು ನೋಡಿಕೊಳ್ಳಿ.

ಮಲೆನಾಡ_ಕೋಡು · ಸೋಮವಾರ ಬೆಳಗ್ಗೆ 9:40

ಅಕ್ಕಾ, ಇದನ್ನು ಮೂವರೂ ಕೂತು ಓದಿದೆವು. ಜಾವಾ ಗೆಳೆಯನಿಗೆ ಪೈಥಾನ್ ಓದಲು ಬರುತ್ತದೆ, ತಿದ್ದಲೂ ಬರುತ್ತದೆ. ನನಗೆ ಜಾವಾ ಕಷ್ಟ. ರಸ್ಟ್ ಇಬ್ಬರಿಗೂ ಬರುವುದಿಲ್ಲ.

ಗೋಫರ್_ಧಾರವಾಡ · ಸೋಮವಾರ ಮಧ್ಯಾಹ್ನ 1:20

ಗೋ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ನೋಡ್ರಿ. ಮಂಡಿಯ ಕಂಪ್ಯೂಟರಿನಲ್ಲಿ ಹಾಕುವ ಸಾಫ್ಟ್‌ವೇರ್ ಆದರೆ ಗೋ ಬಹಳ ಅನುಕೂಲ. ಒಂದೇ ಫೈಲ್. ಪೆನ್ ಡ್ರೈವಿನಲ್ಲಿ ತಗೊಂಡು ಹೋಗಿ ಇಟ್ಟರೆ ಆಯಿತು. ಪೈಥಾನ್ ಆದರೆ ಅದರ ಆವೃತ್ತಿ, ಪ್ಯಾಕೇಜು ಎಲ್ಲಾ ಹೊಂದಿಸಬೇಕು. 2012ರಲ್ಲಿ ಗೋ 1.0 ಬಂದಾಗಿನಿಂದ ಹಳೆಯ ಕೋಡ್ ಮುರಿಯುವುದಿಲ್ಲ ಅನ್ನುವ ಮಾತನ್ನು ಉಳಿಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ ಗೋ ಮತ್ತು ಪೈಥಾನ್ ಎರಡನ್ನೂ ಬಳಸುತ್ತದೆ. ಅಷ್ಟು ದೊಡ್ಡ ವಹಿವಾಟಿಗೆ ಅವರ ಎಂಜಿನಿಯರುಗಳ ತಂಡ ಬಹಳ ಚಿಕ್ಕದು.

ಅಂದಹಾಗೆ ಮಂಡಿಗಳ ಕಂಪ್ಯೂಟರ್ ಯಾವ ವಿಂಡೋಸ್? ಅದನ್ನು ಮೊದಲು ನೋಡಿಕೊಂಡು ಬನ್ನಿ. ವಿಂಡೋಸ್ 7ಕ್ಕೆ ಗೋ 1.20 ಕೊನೆ, ಪೈಥಾನ್ 3.8 ಕೊನೆ, ಕ್ರೋಮ್ 109 ಕೊನೆ. ನೀವು ಏನು ಆರಿಸಿದರೂ ಅಲ್ಲಿ ಹೊಸದು ಓಡುವುದಿಲ್ಲ.

ಪಟ್ಟಿ_ಬರೆದವಳು · ಸೋಮವಾರ ರಾತ್ರಿ 8:30

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಹನ್ನೆರಡು ವರ್ಷ ಒಂದು ಮಂಡಿಯಲ್ಲಿ ಲೆಕ್ಕ ಬರೆದಿದ್ದೇನೆ. ಇಲ್ಲಿ ಬರೆಯಬಹುದೋ ಇಲ್ಲವೋ ಅಂತ ಯೋಚಿಸಿದೆ, ಆದರೆ ನೀವು ಮಾಡುತ್ತಿರುವುದು ನಾನು ಮಾಡಿದ ಕೆಲಸ.

ಸೀಸನ್ನಿನಲ್ಲಿ ಬೆಳಗ್ಗೆಯಿಂದ ಚೀಲ ಬರುತ್ತವೆ. ನಾನು ಕುರ್ಚಿಯಲ್ಲಿ ಕೂತಿರುವುದಿಲ್ಲ, ತೂಕದ ಹತ್ತಿರ ನಿಂತಿರುತ್ತೇನೆ. ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ನಮ್ಮಲ್ಲಿ ಎರಡು ವರ್ಷದ ಹಿಂದೆ ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ಅದರಲ್ಲಿ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ರೈತರು ಪಟ್ಟಿ ತಗೊಂಡು, ಇದು ನನ್ನದೇನಾ ಅಂತ ಕೇಳುತ್ತಿದ್ದರು. ಕನ್ನಡ ಹಾಕಿಸಿಕೊಡಿ ಅಂತ ಕೇಳಿದ್ದಕ್ಕೆ ಹಾಕಿಸಿದರು. ಕೃಷ್ಣಪ್ಪ ಅಂತ ಬರೆದರೆ ಕಾಗದದಲ್ಲಿ ಕೃಷ್‌ಣಪ್‌ಪ ಅಂತ ಬಂತು. ಒಂದು ತಿಂಗಳಿಗೆ ಮತ್ತೆ ಕಾರ್ಬನ್ ಕಾಗದದ ಪುಸ್ತಕಕ್ಕೆ ವಾಪಸ್ ಬಂದೆವು.

ಇನ್ನೊಂದು: ಆಡಿಟರ್ ಕೇಳುವುದು ಒಂದೇ ಪ್ರಶ್ನೆ, ಟ್ಯಾಲಿಗೆ (ಅವರು ಬಳಸುವ ಲೆಕ್ಕಪತ್ರದ ಸಾಫ್ಟ್‌ವೇರ್) ಹೋಗುತ್ತದಾ ಅಂತ.

ಹಳೇ_ಸರ್ವರ್ · ಸೋಮವಾರ ರಾತ್ರಿ 9:00

ಅಮ್ಮಾ, ನಮ್ಮೆಲ್ಲರಿಗಿಂತ ಉಪಯೋಗದ ಮಾತು ನೀವು ಹೇಳಿದಿರಿ. ದಯವಿಟ್ಟು ಬರೆಯುತ್ತಿರಿ.

ಅಕ್ಷರ_ಬೈಟ್ · ಸೋಮವಾರ ರಾತ್ರಿ 10:15

ಕೃಷ್‌ಣಪ್‌ಪ ಯಾಕೆ ಹಾಗೆ ಬರುತ್ತದೆ ಅಂತ ವಿವರಿಸುತ್ತೇನೆ. ಭಾಷೆ ಆರಿಸುವುದಕ್ಕೆ ಇದು ನೇರವಾಗಿ ಸಂಬಂಧಪಟ್ಟದ್ದು.

ಕೃಷ್ಣಪ್ಪ ನಮ್ಮ ಕಣ್ಣಿಗೆ 3 ಅಕ್ಷರ: ಕೃ, ಷ್ಣ, ಪ್ಪ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಅದು 8 ತುಂಡು, ಯಾಕೆಂದರೆ ಹಲಂತ, ವಟ್ರಸುಳಿ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಒಂದೊಂದು ತುಂಡಿಗೆ 3 ಬೈಟ್. ಹಾಗಾಗಿ ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿದರೆ 8 ಅನ್ನುತ್ತದೆ, ಜಾವಾ ಕೂಡ 8, ಗೋ ಮತ್ತು ರಸ್ಟ್ 24. ಯಾವುದೂ 3 ಅನ್ನುವುದಿಲ್ಲ. ಹೆಸರಿಗೆ 20 ಜಾಗ ಅಂತ ಉದ್ದ ಎಣಿಸಿ ಕಾಲಂ ಜೋಡಿಸಿದರೆ ಪಟ್ಟಿ ಪೂರ್ತಿ ಓರೆಯಾಗುತ್ತದೆ.

ಈ 8 ತುಂಡನ್ನು ಜೋಡಿಸಿ ಒತ್ತಕ್ಷರ ಮಾಡುವ ಕೆಲಸಕ್ಕೆ ಬೇರೆಯೇ ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಇರುವುದು ಹಾರ್ಫ್‌ಬಜ್. ಬಹಳಷ್ಟು ಪಿಡಿಎಫ್ ಲೈಬ್ರರಿಗಳಲ್ಲಿ ಆ ಕೆಲಸವೇ ಇಲ್ಲ. ಅವು ತುಂಡುಗಳನ್ನು ಸಾಲಾಗಿ ಇಟ್ಟುಬಿಡುತ್ತವೆ. ಪೈಥಾನಿನ ವೀಸಿಪ್ರಿಂಟ್ ಸರಿಯಾಗಿ ಮಾಡುತ್ತದೆ. ಇಲ್ಲದಿದ್ದರೆ ಪಟ್ಟಿಯನ್ನು ಎಚ್‌ಟಿಎಂಎಲ್ (ವೆಬ್ ಪುಟ) ಮಾಡಿ ಕ್ರೋಮ್ ಕೈಯಲ್ಲೇ ಪಿಡಿಎಫ್ ಮಾಡಿಸಿ.

ಚಿಕ್ಕ ಥರ್ಮಲ್ ಪ್ರಿಂಟರ್ ಆದರೆ ಇನ್ನೂ ಕಷ್ಟ. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಪ್ರಿಂಟರಿನೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಡೀ ಪಟ್ಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಎರಡು ಇಂಚಿನ ಪ್ರಿಂಟರಿನ ಅಗಲ 384 ಚುಕ್ಕೆ. ನೀವು ಯಾವ ಭಾಷೆ ಆರಿಸಿದರೂ ಮೊದಲ ವಾರದಲ್ಲಿ ಇದನ್ನು ಮಾಡಿ ನೋಡಿ. ಕೃಷ್ಣಪ್ಪ ಸರಿಯಾಗಿ ಬರುವವರೆಗೆ ಬೇರೇನೂ ಬರೆಯಬೇಡಿ.

ಗೋಫರ್_ಧಾರವಾಡ · ಸೋಮವಾರ ರಾತ್ರಿ 10:40

ಇದನ್ನು ಒಪ್ಪಲೇಬೇಕು. ಗೋದಲ್ಲಿ ಕನ್ನಡ ಪಿಡಿಎಫ್ ಮಾಡಲು ಹೋಗಿ ನಾನೂ ಒದ್ದಾಡಿದ್ದೇನೆ. ಕೊನೆಗೆ ಕ್ರೋಮ್ ಓಡಿಸಿದೆ.

ಸಿಯಾಟಲ್_ಕನ್ನಡಿಗ · ಮಂಗಳವಾರ ಬೆಳಗ್ಗೆ 6:50

ದೂರದಿಂದ ಒಂದು ಮಾತು. ವಾಟ್ಸಾಪ್ ಎರ್ಲಾಂಗ್ ಬಳಸಿದ್ದಕ್ಕೇ ಗೆದ್ದಿತು ಅಂತ ಜನ ಹೇಳುವುದುಂಟು. ಆ ಭಾಷೆ ಎರಿಕ್ಸನ್ ಕಂಪನಿ 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಮಾಡಿಕೊಂಡದ್ದು. ವಾಟ್ಸಾಪ್‌ನವರಿಗೆ ಸಂದೇಶ ಸಾಗಿಸುವ ಸರ್ವರ್ ಬೇಕಿತ್ತು. ಇಜಾಬರ್ಡಿ ಅನ್ನುವ ಉಚಿತ ಸರ್ವರ್ ಸಿಕ್ಕಿತು, ಅದು ಎರ್ಲಾಂಗ್‌ನಲ್ಲಿತ್ತು. ಅದರ ಜೊತೆಗೇ ಭಾಷೆಯೂ ಬಂತು. 2014ರಲ್ಲಿ 1,900 ಕೋಟಿ ಡಾಲರಿಗೆ ಮಾರಿದಾಗ 45 ಕೋಟಿ ಜನ ಬಳಸುತ್ತಿದ್ದರು, ಎಂಜಿನಿಯರುಗಳು ಮೂವತ್ತು ಚಿಲ್ಲರೆ.

ಅಂದರೆ ನಿಮ್ಮ ಕೆಲಸದ ಅರ್ಧ ಈಗಾಗಲೇ ಯಾವ ಭಾಷೆಯಲ್ಲಿ ಆಗಿದೆ ಅಂತ ಹುಡುಕಿ. ಲೆಕ್ಕಪತ್ರದ ವಿಷಯದಲ್ಲಿ ಇಆರ್‌ಪಿನೆಕ್ಸ್ಟ್ ಇದೆ. ಮುಂಬೈಯ ಫ್ರಾಪೆಯವರದು, ಪೈಥಾನ್, ಕೋಡ್ ಮುಕ್ತವಾಗಿದೆ. ಬಳಸದಿದ್ದರೂ ಜಮಾ ಖರ್ಚನ್ನು ಅವರು ಹೇಗೆ ಇಟ್ಟಿದ್ದಾರೆ ಅಂತ ಓದಿ ನೋಡಿ. ಟ್ಯಾಲಿಗೆ ಕಳಿಸುವುದು ಎಕ್ಸ್‌ಎಂಎಲ್ ಫೈಲ್, ಅದು ಎಲ್ಲ ಭಾಷೆಯಲ್ಲೂ ಆಗುತ್ತದೆ.

ದುಡ್ಡನ್ನು ಮಾತ್ರ ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೀತಿ) ಇಡಬೇಡಿ. ಪೈಥಾನಿನಲ್ಲೂ ಜಾವಾಸ್ಕ್ರಿಪ್ಟಿನಲ್ಲೂ 0.1 + 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ದುಡ್ಡು ಪೈಸೆಯಲ್ಲಿ, ತೂಕ ಗ್ರಾಮಿನಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. ಉದಾಹರಣೆಗೆ ಕ್ವಿಂಟಾಲಿಗೆ 48,500 ರೂಪಾಯಿಯಂತೆ 193.4 ಕೆಜಿಗೆ 93,799 ರೂಪಾಯಿ. ಒಂದು ಪೈಸೆ ಆಚೀಚೆ ಆದರೂ ದಿನದ ಕೊನೆಗೆ ಪುಸ್ತಕ ತಾಳೆ ಆಗುವುದಿಲ್ಲ.

ಪಟ್ಟಿ_ಬರೆದವಳು · ಮಂಗಳವಾರ ಬೆಳಗ್ಗೆ 8:10

ಸರ್ ಹೇಳಿದ್ದು ನಿಜ. ಒಂದು ರೂಪಾಯಿ ಹುಡುಕುವುದಕ್ಕೆ ರಾತ್ರಿ ಹತ್ತರವರೆಗೆ ಕೂತಿದ್ದೇನೆ.

ಕಾಫಿನಾಡು_ಜಾವಾ · ಮಂಗಳವಾರ ಬೆಳಗ್ಗೆ 10:00

ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಸರ್ವರ್ ಪೈಥಾನಿನಲ್ಲೇ ಇರಲಿ. ಆದರೆ ಆ ಅಕ್ಕ ತೂಕದ ಹತ್ತಿರ ನಿಂತಿರುತ್ತಾರೆ ಅಂದರೆ ಅವರ ಕೈಯಲ್ಲಿ ಇರುವುದು ಫೋನ್. ಅಲ್ಲಿ ಆಂಡ್ರಾಯ್ಡ್ ಆಪ್ ಬೇಕು. ಆಂಡ್ರಾಯ್ಡ್ ಆಪ್ ಬರೆಯುವ ಕೋಟ್ಲಿನ್ ಭಾಷೆ ಜಾವಾ ಬಲ್ಲವರಿಗೆ ಎರಡು ಮೂರು ವಾರದ ಕೆಲಸ. ಹಳೆಯ ಜಾವಾ ಕೋಡನ್ನೂ ಅದರಿಂದಲೇ ಕರೆಯಬಹುದು. ಆಂಡ್ರಾಯ್ಡ್ ಕನ್ನಡವನ್ನು ಸರಿಯಾಗಿ ಬಿಡಿಸುತ್ತದೆ, ಅದನ್ನೇ ಚಿತ್ರ ಮಾಡಿ ಬ್ಲೂಟೂತ್ ಪ್ರಿಂಟರಿಗೆ ಕಳಿಸಿದರೆ ಆಯಿತು. ನೆಟ್‌ವರ್ಕ್ ಇಲ್ಲದಾಗ ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಉಳಿಸಿ, ಬಂದಾಗ ಸರ್ವರಿಗೆ ಕಳಿಸಿ.

ಮಲೆನಾಡ_ಕೋಡು · ಗುರುವಾರ ರಾತ್ರಿ 9:20

ಎರಡು ದಿನ ಮಂಡಿ ಮಂಡಿ ಸುತ್ತಿದೆವು. ಒಟ್ಟು ಏಳು. ಎರಡರಲ್ಲಿ ಕಂಪ್ಯೂಟರೇ ಇಲ್ಲ. ಮೂರರಲ್ಲಿ ವಿಂಡೋಸ್ 7. ಒಂದರಲ್ಲಿ ಕಂಪ್ಯೂಟರಿನ ಮೇಲೆ ಅಡಿಕೆ ಸ್ಯಾಂಪಲ್ಲಿನ ತಟ್ಟೆಗಳನ್ನು ಜೋಡಿಸಿಟ್ಟಿದ್ದರು. ಏಳರಲ್ಲೂ ಲೆಕ್ಕ ಬರೆಯುವವರ ಹತ್ತಿರ ಆಂಡ್ರಾಯ್ಡ್ ಫೋನ್ ಇದೆ. ಎರಡು ವಾರ ನಾವು ಚರ್ಚೆ ಮಾಡಿದ್ದು ಇಲ್ಲದ ಕಂಪ್ಯೂಟರಿನಲ್ಲಿ ಯಾವ ಭಾಷೆ ಓಡಿಸುವುದು ಅಂತ.

ತೀರ್ಮಾನ ಮಾಡಿದ್ದೇವೆ. ಸರ್ವರ್ ಜ್ಯಾಂಗೋ, ಪೋಸ್ಟ್‌ಗ್ರೆಸ್. ಫೋನಿನ ಆಪ್ ಕೋಟ್ಲಿನ್, ಅದು ಜಾವಾ ಗೆಳೆಯನ ಪಾಲು. ಬೇರೆ ಸರ್ವಿಸ್ ಯಾವುದೂ ಇಲ್ಲ.

ಮೂರನೆಯವನು · ಗುರುವಾರ ರಾತ್ರಿ 9:45

ನಾನು ಒಪ್ಪಿದ್ದೇನೆ, ಮನಸ್ಸಿನಿಂದಲೇ. ಮಂಡಿಯಲ್ಲಿ ನಿಂತು ನೋಡಿದ ಮೇಲೆ ಬೇರೆ ಮಾತು ಉಳಿಯಲಿಲ್ಲ. ಲೆಕ್ಕದ ಭಾಗದ ಟೆಸ್ಟ್‌ಗಳನ್ನು ನಾನು ಬರೆಯುತ್ತೇನೆ. ಗೆಳೆಯನ ಅಪ್ಪನ ಡಬ್ಬಿಯಿಂದ ಹಳೆಯ ಪಟ್ಟಿಗಳನ್ನು ತಗೊಂಡಿದ್ದೇನೆ. ಒಂದೊಂದನ್ನೂ ಸಾಫ್ಟ್‌ವೇರಿಗೆ ಕೊಟ್ಟು ಕೊನೆಯ ಮೊತ್ತ ತಾಳೆ ನೋಡುವುದು. ಮೊದಲ ಕಂತು 140 ಪಟ್ಟಿ. ರಾತ್ರಿ ಎರಡು ಗಂಟೆಯ ಫೋನ್ ತಪ್ಪಿಸುವುದಕ್ಕೆ ಇದೂ ಒಂದು ದಾರಿ ಅಂತ ನಂಬಿದ್ದೇನೆ.

ಮೈಸೂರು_ಎರಡನೇಸಲ · ಗುರುವಾರ ರಾತ್ರಿ 10:05

ಆ 140 ಪಟ್ಟಿ ನಿಮ್ಮ ಅತಿ ಬೆಲೆಯ ಕೋಡ್. ನನಗೆ ಮೊದಲ ಸಲ ಯಾರೂ ಇದನ್ನು ಹೇಳಿಕೊಡಲಿಲ್ಲ.

ಮಲೆನಾಡ_ಕೋಡು · ಐದು ವಾರದ ನಂತರ

ಕೇಳಿದವರಿಗೆ ಉತ್ತರ ಕೊಡದೆ ಇರಬಾರದು ಅಂತ ಬರೆಯುತ್ತಿದ್ದೇನೆ. ಮೊನ್ನೆ ಒಂದು ಮಂಡಿಯಲ್ಲಿ ಮೊದಲ ಪಟ್ಟಿ ಕೊಟ್ಟೆವು. ಕೃಷ್ಣಪ್ಪ ಸರಿಯಾಗಿ ಬಂತು, ಒತ್ತಕ್ಷರ ಎಲ್ಲಾ ಕೂತಿವೆ. 140 ಪಟ್ಟಿಯಲ್ಲಿ 131 ಮೊದಲ ಸಲವೇ ತಾಳೆ ಆದವು. 9ರಲ್ಲಿ 6 ನಮ್ಮ ತಪ್ಪು. ಚೀಲದ ತೂಕ ಕಳೆಯುವ ಮೊದಲೇ ಹಮಾಲಿ ಲೆಕ್ಕ ಹಾಕಿದ್ದೆವು. ಉಳಿದ 3ರಲ್ಲಿ ಹಳೆಯ ಪಟ್ಟಿಯೇ ತಪ್ಪು, ಒಂದರಲ್ಲಿ ಅಪ್ಪನಿಗೆ 40 ರೂಪಾಯಿ ಕಡಿಮೆ ಬಂದಿತ್ತು. ಪ್ರಿಂಟರ್ ನಿಧಾನ ಇದೆ, ಒಂದು ಪಟ್ಟಿಗೆ ಆರು ಸೆಕೆಂಡ್. ಅದನ್ನು ಈಗ ನೋಡುತ್ತಿದ್ದೇವೆ.

ಪಟ್ಟಿಯ ಫೋಟೋ ಹಾಕಿದ್ದೇನೆ. ನೋಡಿ ಹೇಳಿ.

ಪಟ್ಟಿ_ಬರೆದವಳು · ಅದೇ ದಿನ ಸಂಜೆ 6:40

ಓದುವುದಕ್ಕೆ ಚೆನ್ನಾಗಿದೆ. ತುಂಬಾ ಖುಷಿಯಾಯಿತು. ಒಂದೇ ಒಂದು ಬದಲಾವಣೆ. ಮುಂಗಡದ ಸಾಲನ್ನು ಮೇಲೆ ಹಾಕಿದ್ದೀರಿ. ಅದು ಕೆಳಗೆ ಹೋಗಲಿ. ರೈತರು ಕಾಗದ ಕೈಗೆ ಬಂದ ಕೂಡಲೇ ನೋಡುವುದು ತೂಕ, ಆಮೇಲೆ ಧಾರಣೆ. ಸಾಲದ ಸಾಲು ಮೊದಲೇ ಕಣ್ಣಿಗೆ ಬಿದ್ದರೆ ಪಕ್ಕದಲ್ಲಿ ನಿಂತವರ ಎದುರಿಗೆ ಅವರಿಗೆ ಸಂಕೋಚ ಆಗುತ್ತದೆ.

ಮಲೆನಾಡ_ಕೋಡು · ಅದೇ ದಿನ ಸಂಜೆ 7:05

ಆಯಿತು ಅಕ್ಕಾ. ಟೆಂಪ್ಲೇಟಿನಲ್ಲಿ ಎರಡು ಸಾಲು ಅಷ್ಟೇ. ನಾಳೆ ಬೆಳಗ್ಗೆ ಮಂಡಿ ತೆರೆಯುವ ಮೊದಲು ಹೊಸ ಆಪ್ ಹಾಕಿಕೊಡುತ್ತೇವೆ.